ಮುನ್ಸೂಚಕ ಮಾದರಿ, ಅಥವಾ ಯಾವುದನ್ನೂ ಪತ್ತೆ ಹಚ್ಚದ ನಕ್ಷೆ

‘ಉಪಗ್ರಹ ನಕ್ಷೆ ಹಾಗೂ ಮುನ್ಸೂಚಕ ಮಾದರಿಯ ನೆರವಿನಿಂದ ಕರಾವಳಿಯ ಪ್ರಾಚೀನ ನೆಲೆಗಳ ಪತ್ತೆ’ ಎಂಬ ಧಾಟಿಯ ವಾಕ್ಯ ಮಂಗಳೂರು, ಉಡುಪಿ ಕಡೆಯ ವಿಚಾರ ಸಂಕಿರಣಗಳ ಆಮಂತ್ರಣ ಪತ್ರಿಕೆಗಳಲ್ಲಿಯೂ ವಾಟ್ಸ್ಆ್ಯಪ್ ಸಂದೇಶಗಳಲ್ಲಿಯೂ ಈಗ ಮಾಮೂಲಾಗಿದೆ. ಉಪಗ್ರಹ ಎಲ್ಲರಿಗೂ ಗೊತ್ತು. ನಕ್ಷೆಯಂತೂ ಮೊಬೈಲಿನಲ್ಲಿ ದಿನವೂ ತೆರೆಯುವಂಥದ್ದು. ಅವುಗಳ ಪರಿಚಯ ಬೇಡ. ಮುನ್ಸೂಚಕ ಮಾದರಿ ಎಂದರೆ ಪ್ರಾಚೀನ ನೆಲೆಗಳು ಎಲ್ಲೆಲ್ಲಿ ಇರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕಿ ಬಣ್ಣ ಬಳಿದ ನಕ್ಷೆ. ನನ್ನ ತಕರಾರು ಇರುವುದು ‘ಮುನ್ಸೂಚಕ ಮಾದರಿ’ಯ ಬೆನ್ನಿಗೇ ‘ಪತ್ತೆ’ ಎಂಬ ಪದ ಬಂದು ಕೂರುವುದರ ಮೇಲೆ. ಮುನ್ಸೂಚಕ ಮಾದರಿ ಈವರೆಗೆ ಒಂದೇ ಒಂದು ನೆಲೆಯನ್ನೂ ಪತ್ತೆ ಹಚ್ಚಿಲ್ಲ. ಅದು ಅದರ ಕೆಲಸವೂ ಅಲ್ಲ.

ಅರ್ಧ ಗೊಂದಲ ಹುಟ್ಟುವುದು ‘ಮುನ್’ನಿಂದ. ಹವಾಮಾನ ಮುನ್ಸೂಚನೆ ಕೇಳಿ ಬೆಳೆದ ನಮಗೆ ಮುನ್ಸೂಚನೆ ಎಂದರೆ ನಾಳೆಯದು: ಆರೆಂಜ್ ಅಲರ್ಟ್, ಶಾಲೆಗಳಿಗೆ ರಜೆ. ಸಾವಿರ ವರ್ಷದ ಹಿಂದೆಯೇ ಮುಗಿದುಹೋದ ಸಂಗತಿಗೆ ಮುನ್ಸೂಚನೆ ಕೊಡುವುದು ಹೇಗೆ ಎಂದು ಸಭೆಯಲ್ಲಿ ಯಾರೂ ಎದ್ದು ಕೇಳುವುದಿಲ್ಲ, ಕೇಳಬೇಕಿತ್ತು. ಉತ್ತರ ಕನ್ನಡದಲ್ಲೇ ಇದೆ. ‘ಮುನ್’ ಎರಡೂ ಕಡೆಗೆ ಮುಖ ಮಾಡುವ ಬೇರು. ‘ಮುಂದೆ’ ಬಂದದ್ದು ಅದರಿಂದ, ‘ಮುನ್ನ’, ‘ಮುಂಚೆ’ ಬಂದದ್ದೂ ಅದರಿಂದ. ಮುಂದಿನ ವರ್ಷ ಬರಲಿರುವುದು, ಮುಂಚಿನ ವರ್ಷ ಕಳೆದುಹೋದದ್ದು. ಮುಂಗಾರು ಎಂಬಲ್ಲಿ ಕಾಲದ ದಿಕ್ಕಿಗಿಂತ ಸರದಿ ಮುಖ್ಯ: ಹಿಂಗಾರಿಗಿಂತ ಮೊದಲು ಬರುವ ಮಳೆ. ಮುನ್ನುಡಿಯೂ ಹಾಗೆಯೇ. ಬರೆಯುವುದು ಎಲ್ಲಕ್ಕಿಂತ ಕೊನೆಗೆ, ಅದೂ ಅಚ್ಚಿನವರು ಅವಸರಪಡಿಸಿದ ಮೇಲೆ. ಓದುಗನಿಗೆ ಸಿಗುವುದು ಮಾತ್ರ ಮೊದಲಿಗೆ. ಪುರಾತತ್ತ್ವದ ಮುನ್ಸೂಚನೆಯ ‘ಮುನ್’ ಈ ಸರದಿಯ ‘ಮುನ್’. ಗುದ್ದಲಿ ಇಡುವ ಮುನ್ನ, ಕಾಲಿಡುವ ಮುನ್ನ ಕೊಡುವ ಸೂಚನೆ ಅದು. ಇನ್ನು ‘ಸೂಚನೆ’ಯ ನೆಂಟ ‘ಸೂಚಿ’, ಅಂದರೆ ಸೂಜಿ. ಸೂಜಿಯ ಮೊನೆ ಒಂದು ಕಡೆಗೆ ತೋರಿಸುತ್ತದೆ, ಅಷ್ಟೆ. ಅಲ್ಲಿ ಏನಿದೆ ಎಂದು ಹೇಳುವುದಿಲ್ಲ.

ಕೆಲಸದ ಬಗೆ ಸರಳ. ಈಗಾಗಲೇ ಗೊತ್ತಿರುವ ನೆಲೆಗಳನ್ನು ನಕ್ಷೆಯ ಮೇಲೆ ಗುರುತಿಸುತ್ತಾರೆ. ನೆಲವನ್ನು ಸಣ್ಣ ಚೌಕಗಳಾಗಿ ಒಡೆದು, ಪ್ರತಿ ಚೌಕದ ಎತ್ತರ, ಇಳಿಜಾರು, ಮಣ್ಣು, ನೀರಿನಿಂದ ಇರುವ ದೂರ ಇವನ್ನೆಲ್ಲ ತುಂಬುತ್ತಾರೆ. ನೆಲೆ ಇರುವ ಚೌಕಗಳಿಗೂ ಉಳಿದವಕ್ಕೂ ಏನು ವ್ಯತ್ಯಾಸ ಎಂಬುದನ್ನು ಸಂಖ್ಯಾಶಾಸ್ತ್ರದ ಸೂತ್ರವೊಂದು ಲೆಕ್ಕ ಹಾಕಿ, ಯಾರೂ ನೋಡದ ಚೌಕಗಳಿಗೂ ಅಂಕ ಕೊಡುತ್ತದೆ. ಹೆಚ್ಚು ಅಂಕದವು ಕೆಂಪು, ಕಡಿಮೆಯವು ತಿಳಿ ಬಣ್ಣ. ಜನ ಎಲ್ಲೆಲ್ಲಿ ಏಕೆ ನೆಲೆಸಿದರು ಎಂಬುದನ್ನು ಇಡೀ ಕಣಿವೆಯ ಮಟ್ಟದಲ್ಲಿ ನೋಡುವ ದಾರಿಯನ್ನು 1946ರಲ್ಲಿ ಪೆರು ದೇಶದ ವಿರೂ ಕಣಿವೆಯಲ್ಲಿ ಪುರಾತತ್ತ್ವಜ್ಞ ಗಾರ್ಡನ್ ವಿಲ್ಲಿ ತೋರಿಸಿಕೊಟ್ಟಿದ್ದರು. ಮಾದರಿಗಳಿಗೆ ಬೇಡಿಕೆ ಬಂದದ್ದು ಮಾತ್ರ ಕಾನೂನಿನಿಂದ. ಅಮೆರಿಕದ 1966ರ ಪರಂಪರೆ ಸಂರಕ್ಷಣಾ ಕಾಯಿದೆಯ ಪ್ರಕಾರ, ಅಲ್ಲಿನ ಕೇಂದ್ರ ಸರ್ಕಾರದ ಇಲಾಖೆಗಳು ತಮ್ಮ ಕಾಮಗಾರಿಯಿಂದ ಐತಿಹಾಸಿಕ ನೆಲೆಗಳಿಗೆ ಏನಾಗುತ್ತದೆ ಎಂಬುದನ್ನು ಮೊದಲೇ ಪರಿಗಣಿಸಬೇಕು. ಜಮೀನು ಅಪಾರ, ಹಣ ಕಡಿಮೆ. ಹಾಗಾಗಿ ಮೊದಲು ಎಲ್ಲಿ ನಡೆದು ನೋಡಬೇಕು ಎಂದು ತೀರ್ಮಾನಿಸಲು ಈ ನಕ್ಷೆಗಳು ಬಂದವು.

ಹಾಗಾದರೆ ಪತ್ತೆ ಎಂದರೆ ಯಾವುದು? 2009ರಲ್ಲಿ ಬೆಲೀಜ್ ದೇಶದ ಕರಾಕೋಲ್ ಎಂಬ ಹಾಳುಬಿದ್ದ ನಗರದ ಮೇಲೆ ವಿಮಾನದಿಂದ ಲೇಸರ್ ಕಿರಣ ಬಿಟ್ಟು, ಕಾಡಿನ ಎಲೆಗಳ ಸಂದಿಯಿಂದ ನೆಲ ತಲುಪಿ ಮರಳಿದ ಕಿರಣಗಳನ್ನಷ್ಟೇ ಉಳಿಸಿಕೊಂಡಾಗ ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನರ ಕಟ್ಟೆಗಳೂ ದಾರಿಗಳೂ ಕಣ್ಣಿಗೆ ಬಿದ್ದವು. ಲೈಡಾರ್ ಎನ್ನುವುದು ಇದನ್ನೇ. 2018ರಲ್ಲಿ ಗ್ವಾಟೆಮಾಲದಲ್ಲಿ 2,000 ಚದರ ಕಿಲೋಮೀಟರಿಗೂ ಹೆಚ್ಚು ಕಾಡನ್ನು ಹೀಗೆ ಅಳೆದು 60,000ಕ್ಕೂ ಹೆಚ್ಚು ರಚನೆಗಳನ್ನು ಗುರುತಿಸಿದರು. 2020ರಲ್ಲಿ ಪಾಕಿಸ್ತಾನದ ಚೋಲಿಸ್ತಾನ ಮರುಭೂಮಿಯ ಉಪಗ್ರಹ ಚಿತ್ರಗಳಲ್ಲಿ ಪುರಾತನ ದಿಬ್ಬಗಳನ್ನು ಹೆಕ್ಕಲು ಕಂಪ್ಯೂಟರಿಗೆ ಕಲಿಸಿದರು. ಇವೆಲ್ಲ ನೋಡುವ ಕೆಲಸ. ಕಂಡದ್ದು ಅಲ್ಲಿ ಇದೆ. ಮುನ್ಸೂಚಕ ಮಾದರಿ ಏನನ್ನೂ ನೋಡಿರುವುದಿಲ್ಲ. ಒಂದು ಚೌಕ ಕೆಂಪಾಗಿದೆ ಎಂದರೆ ಆ ನೆಲ ನೆಲೆಗಳಿರುವ ಬೇರೆ ನೆಲವನ್ನು ಹೋಲುತ್ತದೆ ಎಂದಷ್ಟೇ ಅರ್ಥ.

ಕಂಡದ್ದೂ ಕೆಲವೊಮ್ಮೆ ಕೈಕೊಡುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಪಾಯಿಂಟ್ ರೋಸಿಯಲ್ಲಿ ಉಪಗ್ರಹ ಚಿತ್ರಗಳು ತೋರಿಸಿದ ಗೆರೆಗಳು ನಾರ್ಸ್, ಅಂದರೆ ಸ್ಕ್ಯಾಂಡಿನೇವಿಯ ಮೂಲದ ಪ್ರಾಚೀನ ನಾವಿಕರ ಮನೆಗಳಿರಬಹುದು ಎಂಬ ಸುದ್ದಿ ಜಗತ್ತನ್ನೇ ಸುತ್ತಿತು. 2015 ಮತ್ತು 2016ರಲ್ಲಿ ಅಗೆದು ನೋಡಿದರೆ ನಾರ್ಸ್ ಜನರ ಕುರುಹೇ ಇಲ್ಲ. ನಮ್ಮ ಕರಾವಳಿಯ ಮೇಲೆ ಲೇಸರ್ ಹಾಯಿಸಿದರೆ ಮೊದಲು ಕಾಣಲಿರುವುದು ಅಡಿಕೆ ತೋಟದ ಕಣಿಗಳು, ಜಾಗದ ಸುತ್ತ ತೋಡಿದ ಅಗಳುಗಳು, ಮುರಕಲ್ಲು (ಜಂಬಿಟ್ಟಿಗೆ) ತೆಗೆದ ಚೌಕ ಹೊಂಡಗಳು. ಅವುಗಳಲ್ಲಿ ಕೋಟೆಯನ್ನು ಕಾಣುವ ಉತ್ಸಾಹಿಗಳಿಗೆ ಬರವಿಲ್ಲ.

ಇಷ್ಟರವರೆಗಿನದು ಪದದ ಸಡಿಲ ಬಳಕೆ, ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ತಿಳಿ ಬಣ್ಣದ ಚೌಕಗಳನ್ನು ಓದುವ ರೀತಿ. ‘ಕಡಿಮೆ ಸಂಭಾವ್ಯತೆ’ ಎಂಬುದು ವರದಿಯ ಎರಡನೇ ಪುಟದಲ್ಲಿ ‘ಸಂಭವವಿಲ್ಲ’ ಆಗುತ್ತದೆ, ಮೂರನೆಯದರಲ್ಲಿ ‘ಏನೂ ಇಲ್ಲ’ ಆಗುತ್ತದೆ. ಜೆಸಿಬಿ ಬರಲು ಅಷ್ಟು ಸಾಕು. ಸೂತ್ರಕ್ಕೆ ನೆಲೆ ಇರುವ ಚೌಕ, ಇಲ್ಲದ ಚೌಕ ಎರಡರ ಉದಾಹರಣೆಯೂ ಬೇಕು. ಇಲ್ಲದ ಚೌಕ ಎಂದು ಕೊಡುವುದು ಸಾಮಾನ್ಯವಾಗಿ ಯಾರೂ ಹುಡುಕದ ಚೌಕವನ್ನು. ಹುಡುಕಿದರೂ ಸಿಗದ ಜಾಗ ಮತ್ತು ಹುಡುಕದೇ ಬಿಟ್ಟ ಜಾಗ ಸೂತ್ರದ ಕಣ್ಣಿಗೆ ಒಂದೇ. ಇದನ್ನು ಅರಿತೇ ಕೆಲವರು ನೆಲೆಗಳ ಪಟ್ಟಿಯೊಂದರಿಂದಲೇ ಕೆಲಸ ನಡೆಸುವ ಮ್ಯಾಕ್ಸೆಂಟ್ ಎಂಬ ವಿಧಾನಕ್ಕೆ ಹೋಗಿದ್ದಾರೆ. ಪ್ರಾಣಿ, ಸಸ್ಯಗಳ ನೆಲೆ ಅಂದಾಜಿಸಲು ಹುಟ್ಟಿದ ವಿಧಾನ ಅದು. ಆದರೆ ಪಟ್ಟಿಯೇ ಓರೆಯಾಗಿದ್ದರೆ ಅದರಿಂದಲೂ ಪಾರಿಲ್ಲ. ನಮ್ಮ ಜಿಲ್ಲೆಗಳ ಪಟ್ಟಿಯನ್ನೇ ನೋಡಿ: ದೇವಸ್ಥಾನ, ಬಸದಿ, ಶಾಸನ ಇವೇ ಹೆಚ್ಚು. ಶಾಸನ ಸಿಕ್ಕಿರುವುದು ದೇವಸ್ಥಾನದ ಅಂಗಳದಲ್ಲಿ, ದೇವಸ್ಥಾನ ಇರುವುದು ರಸ್ತೆ ಬದಿಯಲ್ಲಿ. ಇದನ್ನು ಸೂತ್ರಕ್ಕೆ ಉಣಿಸಿದರೆ ನಿವೃತ್ತ ಇತಿಹಾಸ ಮೇಷ್ಟರ ಸ್ಕೂಟರ್ ಎಲ್ಲೆಲ್ಲಿ ಹೋಗಬಲ್ಲುದು ಎಂಬುದರ ನಿಖರವಾದ ಮುನ್ಸೂಚನೆ ದೊರೆಯುತ್ತದೆ.

ಪದವುಗಳ ಮಾತೇ ಬೇರೆ. ಮುರಕಲ್ಲಿನ ಈ ಬೋಳು ಪ್ರಸ್ಥಭೂಮಿಗಳಲ್ಲಿ ಮಣ್ಣು ತೆಳು, ಬೇಸಗೆಯಲ್ಲಿ ನೀರಿಲ್ಲ, ಬೆಳೆಯಿಲ್ಲ. ಪುಸ್ತಕದ ಪ್ರಕಾರ ಮಾಡಿದ ಯಾವ ಮಾದರಿಯೂ ಇವಕ್ಕೆ ಕಡಿಮೆ ಅಂಕವನ್ನೇ ಕೊಟ್ಟೀತು. ಆದರೆ ರತ್ನಾಗಿರಿ ಕಡೆಯ ಬಾರ್ಸು ಮೊದಲಾದ ಇಂಥವೇ ಬಯಲುಗಳ ಮೇಲೆ ಮನುಷ್ಯರ, ಪ್ರಾಣಿಗಳ ಬೃಹತ್ ಕೊರೆಚಿತ್ರಗಳಿವೆ. ಗೋವಾದ ಉಸಗಳಿಮಳದಲ್ಲಿ ಕುಶಾವತಿ ನದಿಯ ದಂಡೆಯ ಮುರಕಲ್ಲಿನ ಮೇಲೂ ಇವೆ. ಕೊಂಕಣದ ಈ ಚಿತ್ರಗಳು 2022ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿದವು. ನಮ್ಮಲ್ಲೇ ಕೊಲ್ಲೂರು ಬಳಿಯ ಅವಲಕ್ಕಿ ಪಾರೆಯಲ್ಲಿ ಬಂಡೆಯ ಮೇಲಿನ ಕೊರೆಚಿತ್ರಗಳಿವೆ. ಮೂಡುಬಿದಿರೆ ಬಳಿಯ ಮೂಡುಕೊಣಾಜೆಯ ಕಲ್ಮನೆ ಸಮಾಧಿಗಳಿರುವುದು, ಅಂದರೆ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ಪ್ರಾಚೀನ ಗೋರಿಗಳಿರುವುದು, ಬಂಡೆಯ ಇಳಿಜಾರಿನಲ್ಲಿ. 2023ರಲ್ಲಿ ಅಲ್ಲಿ ಸುಟ್ಟ ಮಣ್ಣಿನ ಗೊಂಬೆಗಳು ಸಿಕ್ಕಿದವು. ಸತ್ತವರನ್ನು ಇಡಲು, ಚಿತ್ರ ಕೊರೆಯಲು ಜನ ಗದ್ದೆಯ ನೀರನ್ನು ಹುಡುಕುತ್ತ ಹೋಗುವುದಿಲ್ಲ.

‘ನೀರಿನಿಂದ ಇರುವ ದೂರ’ದ ಬಗ್ಗೆಯೂ ಒಂದು ಮಾತು. ಅಮೆರಿಕದ ಒಣ ಪಶ್ಚಿಮದಲ್ಲಿ ಅದು ಭಾರವಾದ ಅಂಶ. ಹೊಳೆ ಬಿಟ್ಟರೆ ಬದುಕಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಕಡೆ ಅದನ್ನು ಹಾಗೆಯೇ ತಂದು ಹಚ್ಚುವುದು ಸೋಮಾರಿತನ. ಜುಲೈಯಲ್ಲಿ ಇಲ್ಲಿ ನೀರಿನಿಂದ ದೂರ ಇರುವ ಜಾಗವನ್ನೇ ಹುಡುಕಬೇಕು. ಬೈಲು, ಮಜಲು, ಬೆಟ್ಟು ಎಂದು ನೀರಿನ ಆಸರೆಯ ಲೆಕ್ಕದಲ್ಲೇ ಗದ್ದೆಗಳನ್ನು ವಿಂಗಡಿಸಿದ ನಾಡಿದು. ಆ ವಿಂಗಡಣೆಯನ್ನು ಮಾದರಿಗೆ ಸೇರಿಸಿದರೆ ಹೊಳೆಯ ದೂರಕ್ಕಿಂತ ಹೆಚ್ಚು ತಿಳಿದೀತು ಎಂಬುದು ನನ್ನ ಅನಿಸಿಕೆ. ಸಮುದ್ರದ ದೂರವೂ ಇಂದಿನದೇ ಎಂದು ಹಿಡಿಯುವಂತಿಲ್ಲ. ಆಳುಪರ ರಾಜಧಾನಿಯಾಗಿ, ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ, ಅಂದರೆ ಪ್ರಾಂತ್ಯದ, ಕೇಂದ್ರವಾಗಿ ಮೆರೆದ ಬಾರ್ಕೂರು ಇರುವುದು ಸೀತಾನದಿಯ ಮೇಲೆ, ಅಲೆಗಳಿಂದ ಒಳಗೆ. ಅಳಿವೆಗಳ ಮರಳು ದಿಣ್ಣೆಗಳು ನಿಂತಲ್ಲಿ ನಿಲ್ಲುವುದಿಲ್ಲ. ಬಂದರು ಎಲ್ಲಿತ್ತು ಎಂದು ಕೇಳುವವನು ಹೊಳೆ ಆಗ ಎಲ್ಲಿತ್ತು ಎಂದು ಮೊದಲು ಕೇಳಬೇಕು.

ಚೌಕದ ಗಾತ್ರವನ್ನು ಯಾರೂ ಹೇಳುವುದಿಲ್ಲ. ಉಚಿತವಾಗಿ ಸಿಗುವ ಎತ್ತರದ ದತ್ತಾಂಶದಲ್ಲಿ ಒಂದು ಚೌಕ ಸಾಮಾನ್ಯವಾಗಿ 30 ಮೀಟರ್ ಉದ್ದ, ಅಷ್ಟೇ ಅಗಲ. ನಮ್ಮ ಲೆಕ್ಕದಲ್ಲಿ ಸುಮಾರು 22 ಸೆಂಟ್ಸ್. ಅಷ್ಟರೊಳಗೆ ಒಂದು ಮನೆ, ಬಾವಿ, ನಾಗಬನ, ಜನ ಪಾಂಡವರ ಕಲ್ಲು ಎನ್ನುವ ಕಲ್ಮನೆ ಎಲ್ಲವೂ ಹಿಡಿಸುತ್ತವೆ.

ಮಾದರಿ ಎಷ್ಟು ಒಳ್ಳೆಯದು ಎಂದು ಅಳೆಯಲು ಅಮೆರಿಕದ ಪುರಾತತ್ತ್ವಜ್ಞ ಕೆನೆತ್ ಕ್ವಾಮೆ 1988ರಲ್ಲಿ ಕೊಟ್ಟ ಒಂದು ಅಂಕವಿದೆ. ಕೆಂಪು ಭಾಗ ಒಟ್ಟು ನೆಲದ ಶೇಕಡಾ ಎಷ್ಟು ಎಂಬುದನ್ನು, ಅದರೊಳಗೆ ಬಿದ್ದ ನೆಲೆಗಳು ಒಟ್ಟು ನೆಲೆಗಳ ಶೇಕಡಾ ಎಷ್ಟು ಎಂಬುದರಿಂದ ಭಾಗಿಸಿ, ಬಂದದ್ದನ್ನು ಒಂದರಿಂದ ಕಳೆಯಬೇಕು. ಶೇ 20ರಷ್ಟು ನೆಲದಲ್ಲಿ ಶೇ 80ರಷ್ಟು ನೆಲೆ ಸಿಕ್ಕರೆ ಅಂಕ 0.75. ‘ನಮ್ಮ ಮಾದರಿ ಶೇ 95ರಷ್ಟು ನೆಲೆಗಳನ್ನು ಹಿಡಿದಿದೆ’ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ, ಎಷ್ಟು ನೆಲಕ್ಕೆ ಕೆಂಪು ಬಳಿದಿರಿ ಎಂದು ಕೇಳಿ. ಜಿಲ್ಲೆಗೆ ಜಿಲ್ಲೆಯನ್ನೇ ಬಳಿದರೆ ಒಂದೂ ತಪ್ಪುವುದಿಲ್ಲ, ಅಂಕ ಮಾತ್ರ ಸೊನ್ನೆ.

ಅಮೆರಿಕದ ಮಿನೆಸೋಟ ರಾಜ್ಯದ ಸಾರಿಗೆ ಇಲಾಖೆ 1990ರ ದಶಕದಲ್ಲಿ ರಸ್ತೆ ಕಾಮಗಾರಿಗಾಗಿಯೇ ಮಾಡಿಸಿದ ಮಾದರಿಯಲ್ಲಿ ಹೆಚ್ಚು, ಮಧ್ಯಮ, ಕಡಿಮೆ ಎಂಬವುಗಳ ಜೊತೆಗೆ ‘ತಿಳಿಯದು’ ಎಂಬ ಬೇರೆ ವರ್ಗವೇ ಇದೆ. ಸಾಕಷ್ಟು ಹುಡುಕದ ನೆಲವನ್ನು ‘ಕಡಿಮೆ’ಗೆ ತಳ್ಳದೆ ಅದಕ್ಕೆ ಹಾಕಿದರು. ದಕ್ಷಿಣ ಕನ್ನಡ, ಉಡುಪಿಗಳ ನಕ್ಷೆಯನ್ನು ಯಾರಾದರೂ ಪ್ರಾಮಾಣಿಕವಾಗಿ ಮಾಡಿದರೆ, ಮುರಕಲ್ಲಿನ ಪದವುಗಳ ಬಹುಪಾಲನ್ನು ಸೇರಿಸಬೇಕಾದದ್ದು ಆ ವರ್ಗಕ್ಕೇ.