ಪದ ಪರಿಚಯ: ಕೊಮಾಇನು

ಜಪಾನಿನ ಶಿಂಟೋ ಗುಡಿಯ ಹೆಬ್ಬಾಗಿಲು ದಾಟಿ ಒಳಗೆ ಕಾಲಿಟ್ಟರೆ ದಾರಿಯ ಆಚೆ ಈಚೆ ಒಂದೊಂದು ಕಲ್ಲಿನ ಪ್ರಾಣಿ ಕೂತಿರುವುದು ಸಾಮಾನ್ಯ. ಗುಂಗುರು ಕೇಸರ, ಉಬ್ಬಿದ ಎದೆ, ಹೊರಬಿದ್ದಂಥ ಕಣ್ಣುಗುಡ್ಡೆ. ಇವೇ ಕೊಮಾಇನು. ನೋಡಲು ಸಿಂಹ, ಹೆಸರಿನಲ್ಲಿ ನಾಯಿ. ‘ಇನು’ ಎಂದರೆ ನಾಯಿ. ‘ಕೊಮಾ’ ಎಂದರೆ ಕೊರಿಯಾದಲ್ಲಿದ್ದ ಗೊಗುರ್ಯೊ ರಾಜ್ಯಕ್ಕೆ ಜಪಾನೀಯರು ಹೇಳುತ್ತಿದ್ದ ಹೆಸರು. ಕೊರಿಯಾ ಕಡೆಯಿಂದ ಬಂದ ನಾಯಿ ಅಂತ ಲೆಕ್ಕ. ಆನ್‌ಲೈನ್ ಅಂಗಡಿಗಳಲ್ಲಿ ಇದನ್ನೂ ಚೀನಾದ ಸಿಂಹವನ್ನೂ ಒಟ್ಟಿಗೆ ‘ಫೂ ಡಾಗ್’ ಎಂದು ಮಾರುತ್ತಾರೆ. ಆ ಹೆಸರು ಪಶ್ಚಿಮದವರು ಕಟ್ಟಿದ್ದು, ಚೀನಾದಲ್ಲಿ ಯಾರೂ ಹಾಗೆ ಕರೆಯುವುದಿಲ್ಲ.

ಜೋಡಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗುಡಿಗೆ ಮುಖ ಮಾಡಿ ನಿಂತರೆ ಸಾಮಾನ್ಯವಾಗಿ ಬಲಗಡೆಯದ್ದು ಬಾಯಿ ತೆರೆದಿರುತ್ತದೆ, ಎಡಗಡೆಯದ್ದು ತುಟಿ ಬಿಗಿದಿರುತ್ತದೆ. ತೆರೆದ ಬಾಯಿ ‘ಅ’ ಅನ್ನುತ್ತಿದೆ, ಮುಚ್ಚಿದ ಬಾಯಿ ‘ಹೂಂ’ ಅನ್ನುತ್ತಿದೆ. ಇದು ನಾವು ಕಟ್ಟಿದ ಹೋಲಿಕೆಯಲ್ಲ, ಅಸಲಿಗೇ ಸಂಸ್ಕೃತದ ಅಕ್ಷರಗಳು. ಬೌದ್ಧ ಮಂತ್ರಗಳ ಜೊತೆಗೆ ಸಂಸ್ಕೃತ ಬರೆಯುವ ಸಿದ್ಧಂ ಲಿಪಿ ಚೀನಾ ದಾಟಿ ಜಪಾನಿಗೆ ಹೋಯಿತು. 9ನೇ ಶತಮಾನದ ಆರಂಭದಲ್ಲಿ ಚೀನಾದಿಂದ ಮರಳಿದ ಬೌದ್ಧ ಭಿಕ್ಷು ಕೂಕಾಯ್ ಅದರ ಅಧ್ಯಯನಕ್ಕೆ ಬುನಾದಿ ಹಾಕಿದ. ‘ಅ’ ಎಲ್ಲದರ ಮೊದಲು, ‘ಹೂಂ’ ಎಲ್ಲದರ ಕೊನೆ ಎಂಬ ತಾಂತ್ರಿಕ ಬೌದ್ಧರ ವ್ಯಾಖ್ಯಾನ ಈ ಕಲ್ಲುಪ್ರಾಣಿಗಳ ಬಾಯಿಗೂ ಬಂತು. ಜಪಾನೀಯರ ಬಾಯಲ್ಲಿ ‘ಹೂಂ’ ‘ಉನ್’ ಆಯಿತು. ಜಪಾನಿ ಅಕ್ಷರಮಾಲೆ ಅ, ಇ, ಉ, ಎ, ಒ ಎಂದು ಶುರುವಾಗಿ ಮುಂದೆ ಕ, ಸ, ತ, ನ ಎಂದು ಸಾಗುವುದಕ್ಕೂ ಇದೇ ಸಂಸ್ಕೃತ ವರ್ಣಮಾಲೆಯ ಓದು ಕಾರಣ. ಇಬ್ಬರು ಮಾತೇ ಆಡದೆ ಒಬ್ಬರ ಮನಸ್ಸು ಒಬ್ಬರಿಗೆ ತಿಳಿದು ಕೆಲಸ ಮಾಡಿದರೆ ಜಪಾನೀಯರು ಇಂದಿಗೂ ಅದನ್ನು ‘ಅ-ಉನ್ ಉಸಿರು’ ಎನ್ನುತ್ತಾರೆ. ಒಬ್ಬ ‘ಅ’ ಎಂದು ಬಿಟ್ಟ ಉಸಿರನ್ನು ಇನ್ನೊಬ್ಬ ‘ಉನ್’ ಎಂದು ಒಳಗೆ ಎಳೆದುಕೊಂಡ ಹಾಗೆ.

ಮೊದಮೊದಲು ಇವು ಒಂದೇ ಜಾತಿಯ ಜೋಡಿಯೂ ಆಗಿರಲಿಲ್ಲ. ಹೇಯನ್ ಕಾಲದ (794–1185) ಅರಮನೆಯಲ್ಲಿ ಚಕ್ರವರ್ತಿ ಕೂರುವ ಮಂಟಪದ ಪರದೆ ಗಾಳಿಗೆ ಹಾರದಂತೆ ಎರಡು ಬೊಂಬೆಗಳನ್ನು ಭಾರಕ್ಕೆ ಇಡುತ್ತಿದ್ದರು. ಬಾಯಿ ತೆರೆದದ್ದು ಸಿಂಹ, ಅಂದರೆ ‘ಶಿಶಿ’. ಬಾಯಿ ಮುಚ್ಚಿ ತಲೆಯ ಮೇಲೆ ಒಂಟಿ ಕೊಂಬು ಇದ್ದದ್ದು ಮಾತ್ರ ಕೊಮಾಇನು. ಪರದೆ ಕಾಯುವ ಈ ಕೆಲಸದಿಂದ ಅವು ದೇವರ ಗರ್ಭಗುಡಿ ಕಾಯುವ ಮರದ ಮೂರ್ತಿಗಳಾದವು, ಎಡೋ ಕಾಲಕ್ಕೆ (1603–1868) ಬಂದಾಗ ಬಯಲಿನಲ್ಲಿ ಮಳೆಬಿಸಿಲಿಗೆ ಕೂರುವ ಕಲ್ಲುಗಳಾದವು. ಅಷ್ಟರಲ್ಲಿ ಬಹುತೇಕ ಕಡೆ ಕೊಂಬು ಮಾಯವಾಗಿ ಎರಡಕ್ಕೂ ಒಂದೇ ಹೆಸರು ಅಂಟಿತು. ಹಳೆಯ ಗುಡಿಗಳಲ್ಲಿ ಮುಚ್ಚಿದ ಬಾಯಿಯ ಪ್ರಾಣಿಯ ನೆತ್ತಿ ನೋಡಿದರೆ ಕೆಲವೊಮ್ಮೆ ಕೊಂಬು ಸಿಗುತ್ತದೆ.

ಸಿಂಹವಾದರೂ ಎಲ್ಲಿಂದ ಬಂತು? ಚೀನಾದ ಕಾಡುಗಳಲ್ಲಿ ಸಿಂಹವಿಲ್ಲ. ಹಾನ್ ದೊರೆಗಳ ಆಸ್ಥಾನಕ್ಕೆ 1ನೇ ಶತಮಾನದ ಕೊನೆಯ ಹೊತ್ತಿಗೆ ಹಳೆಯ ಇರಾನಿನ ಪಾರ್ಥಿಯಾದವರೂ, ನಾವು ಕುಶಾನರೆನ್ನುವ ಯುಯೆಝಿಗಳೂ ಜೀವಂತ ಸಿಂಹಗಳನ್ನು ಕಾಣಿಕೆ ಕಳಿಸಿದ ದಾಖಲೆ ಇದೆ. ಅದಾಗಿ ಹೆಚ್ಚು ಕಾಲ ಕಳೆಯುವ ಮೊದಲೇ ಕಲ್ಲುಕುಟಿಗರು ಸಿಂಹ ಕೆತ್ತಲು ಕೂತಿದ್ದರು. ಶಾಂಡೊಂಗ್ ಪ್ರಾಂತದಲ್ಲಿ ವೂ ಮನೆತನದ ಸಮಾಧಿಯ ಮುಂದಿನ ಕಂಬಗೋಪುರದ ಮೇಲೆ 147ರ ಶಾಸನವೊಂದಿದೆ. ಗೋಪುರಕ್ಕೆ ತಗುಲಿದ ಖರ್ಚು 1,50,000 ನಾಣ್ಯ; ಸಿಂಹಗಳನ್ನು ಮಾಡಿದವನು ಸುನ್ ಝೋಂಗ್, ಅದಕ್ಕೆ 40,000 ನಾಣ್ಯ. ಕೆತ್ತಿದವನ ಹೆಸರು, ಕೊಟ್ಟ ಹಣ ಎರಡನ್ನೂ ಕಲ್ಲಿನಲ್ಲೇ ಬರೆಸಿದ ಆ ಮನೆಯವರಿಗೆ ಕೈಮುಗಿಯಬೇಕು.

ಸಿಂಹಕ್ಕೆ ಚೀನಾದಲ್ಲಿ ನೆಲೆ ಗಟ್ಟಿಮಾಡಿಕೊಟ್ಟದ್ದು ಬೌದ್ಧ ಧರ್ಮ. ಶಾಕ್ಯಸಿಂಹನ ಉಪದೇಶವೇ ಸಿಂಹನಾದ, ಅವನ ಪೀಠವೇ ಸಿಂಹಾಸನ. ಸಿಂಹ ಬುದ್ಧನ ಪಕ್ಕಕ್ಕೆ ಬಂತು, ಅಲ್ಲಿಂದ ಅರಮನೆ, ಕಚೇರಿ, ಶ್ರೀಮಂತರ ಮನೆಗಳ ಬಾಗಿಲಿಗೂ ಬಂತು. ಆದರೆ ಚೀನೀಯರು ಜೋಡಿಯನ್ನು ಗುರುತಿಸುವುದು ಬಾಯಿಯಿಂದಲ್ಲ, ಕಾಲಿನ ಕೆಳಗೆ ಏನಿದೆ ಎಂಬುದರಿಂದ: ಗಂಡಿನ ಪಂಜದಡಿ ಕಸೂತಿಯ ಚೆಂಡು, ಹೆಣ್ಣಿನ ಪಂಜದಡಿ ಅಂಗಾತ ಬಿದ್ದ ಮರಿ. ಬೀಜಿಂಗಿನ ಬಳಿ 1189ರಿಂದ 1192ರೊಳಗೆ ಕಟ್ಟಿದ ಲುಗೋ ಸೇತುವೆಯ ಕಂಬಕಂಬಕ್ಕೂ ಸಿಂಹಗಳಿವೆ. ಬೆನ್ನ ಮೇಲೊಂದು ಮರಿ, ಕಿವಿಯ ಹಿಂದೊಂದು, ಹೊಟ್ಟೆಯ ಕೆಳಗೊಂದು. ‘ಲುಗೋ ಸೇತುವೆಯ ಸಿಂಹಗಳಂತೆ, ಎಣಿಸಿ ಮುಗಿಯದು’ ಎಂಬ ಗಾದೆಯೇ ಹುಟ್ಟಿತು. 1960ರ ದಶಕದ ಆರಂಭದಲ್ಲಿ ಎಣಿಸಿದಾಗ 485 ಸಿಕ್ಕವು, 1979ರಲ್ಲಿ 502. ಗಾದೆ ಗೆದ್ದಿತು.

ಚೀನಾದ ಸಿಂಹ ನೇರವಾಗಿ ಜಪಾನಿನ ನೆಲಕ್ಕೆ ಇಳಿದದ್ದನ್ನು ನಾರಾದ ತೋದಾಯ್‌ಜಿಯಲ್ಲಿ ನೋಡಬಹುದು. 1180ರ ಯುದ್ಧದಲ್ಲಿ ಆ ಮಹಾವಿಹಾರ ಸುಟ್ಟುಹೋಗಿತ್ತು. ಮತ್ತೆ ಕಟ್ಟಲು ಹೊರಟವರು ಸೊಂಗ್ ವಂಶ ಆಳುತ್ತಿದ್ದ ಚೀನಾದಿಂದ ಕಸುಬುದಾರರನ್ನು ಕರೆಸಿದರು. ದಕ್ಷಿಣದ ಮಹಾದ್ವಾರದಲ್ಲಿರುವ ಎರಡು ಕಲ್ಲಿನ ಸಿಂಹಗಳು 1196ರಲ್ಲಿ ಅವರ ಕೈಯಲ್ಲಿ ಆದದ್ದು. ಎರಡಕ್ಕೂ ಬಾಯಿ ತೆರೆದಿದೆ. ‘ಅ-ಹೂಂ’ ಲೆಕ್ಕ ಆ ಚೀನೀ ಕುಟಿಗರಿಗೆ ಬೇಕಾಗಿರಲಿಲ್ಲ. ಅದೇ ಬಾಗಿಲ ಮುಂಭಾಗದಲ್ಲಿ ನಿಂತಿರುವ ದೈತ್ಯಾಕಾರದ ಮರದ ದ್ವಾರಪಾಲಕರಲ್ಲಿ, 1203ರ ಉಂಕೇಯ್, ಕಾಯ್‌ಕೇಯ್ ಮುಂತಾದವರ ಕೆಲಸದಲ್ಲಿ, ಒಬ್ಬನ ಬಾಯಿ ತೆರೆದಿದೆ, ಇನ್ನೊಬ್ಬನದು ಮುಚ್ಚಿದೆ. ಜನ ಈ ದ್ವಾರಪಾಲಕರನ್ನು ನೋಡಿ, ಜಿಂಕೆಗಳಿಗೆ ಬಿಸ್ಕತ್ತು ಹಾಕಿ ಮುಂದೆ ಹೋಗುತ್ತಾರೆ. ಸಿಂಹಗಳು ಬಾಗಿಲ ಹಿಂಬದಿಯಲ್ಲಿವೆ, ತಿರುಗಿ ನೋಡಬೇಕು.

ಇನ್ನು ಹೆಸರಿಗೆ ಕಾರಣವಾದ ಕೊರಿಯಾ. ಅಲ್ಲಿಯ ಪ್ರಸಿದ್ಧ ಕಾವಲುಮೃಗ ಹೇಚಿ, ಆಡುಮಾತಿನಲ್ಲಿ ಹೇತೇ. ಅದರ ಮೂಲ ಸಿಂಹವಲ್ಲ, ಚೀನಾದ ‘ಷ್ಯೇಝಿ’ ಎಂಬ ಒಂಟಿಕೊಂಬಿನ ಪ್ರಾಣಿ. ಕಕ್ಷಿದಾರರಿಬ್ಬರನ್ನು ಎದುರು ನಿಲ್ಲಿಸಿದರೆ ತಪ್ಪಿತಸ್ಥನನ್ನು ಕೊಂಬಿನಿಂದ ತಿವಿಯುವುದು ಅದರ ಗುಣ. ಪುರಾಣಕಾಲದ ನ್ಯಾಯಾಧೀಶ ಗಾವ್ ಯಾವ್ ಕಗ್ಗಂಟಾದ ಮೊಕದ್ದಮೆಗಳನ್ನು ಅದರಿಂದಲೇ ತೀರಿಸುತ್ತಿದ್ದನಂತೆ. ಜೊಸೊನ್ ರಾಜವಂಶದ ಕಾಲದ ಕೊರಿಯಾದಲ್ಲಿ ಅಧಿಕಾರಿಗಳ ತಪ್ಪು ಹಿಡಿಯುವ ಇಲಾಖೆಯ ಮುಖ್ಯಸ್ಥ ಎದೆಯ ಮೇಲೆ ಹೇಚಿಯ ಕಸೂತಿ ತೊಡುತ್ತಿದ್ದ. ಮುಂದೆ ಜನ ಅದಕ್ಕೆ ಇನ್ನೊಂದು ಕೆಲಸ ಹಚ್ಚಿದರು: ಬೆಂಕಿ ನುಂಗುವುದು. ಸೋಲ್ ನಗರದ ದಕ್ಷಿಣಕ್ಕಿರುವ ಗ್ವಾನಾಕ್ ಬೆಟ್ಟದ ಚೂಪು ಶಿಖರಗಳಲ್ಲಿ ಅಗ್ನಿಯ ಅಂಶವಿದೆ, ಅದು ಅರಮನೆಗೆ ಕೇಡು ಎಂಬ ನಂಬಿಕೆ. ಗ್ಯೊಂಗ್‌ಬೊಕ್ ಅರಮನೆ 1592ರಲ್ಲಿ ಸುಟ್ಟಿತ್ತು. 1860ರ ದಶಕದಲ್ಲಿ ಅದನ್ನು ಮತ್ತೆ ಎಬ್ಬಿಸಿದಾಗ ಗ್ವಾಂಗ್‌ಹ್ವಾಮುನ್ ಬಾಗಿಲ ಮುಂದೆ ಎರಡು ಹೇಚಿಗಳನ್ನು ಕೂರಿಸಿದರು. 1876ರಲ್ಲಿ ಮತ್ತೆ ದೊಡ್ಡ ಬೆಂಕಿ ಬಿತ್ತೆನ್ನುವುದು ಬೇರೆ ಮಾತು. ಜಪಾನಿ ಆಳ್ವಿಕೆಯಲ್ಲಿ ಅಲ್ಲಿಂದ ಎತ್ತಂಗಡಿಯಾಗಿದ್ದ ಅವು, 2023ರ ಅಕ್ಟೋಬರಿನಲ್ಲಿ ಬಾಗಿಲ ಮುಂದಿನ ಜಗಲಿಯನ್ನು ಮರುನಿರ್ಮಿಸಿದಾಗ ಅದರ ಮುಂಭಾಗಕ್ಕೆ ಬಂದು ಕೂತವು.

ಬೆಂಕಿಯ ಭಯವೇ ಜಪಾನಿನ ದಕ್ಷಿಣದ ದ್ವೀಪ ಓಕಿನಾವಾದಲ್ಲೂ ಕೆಲಸ ಮಾಡಿದೆ. ಅಲ್ಲಿ ಸಿಂಹದ ಹೆಸರು ‘ಶೀಸಾ’. ತೊಮಿಮೊರಿ ಎಂಬ ಊರಿಗೆ ಪದೇ ಪದೇ ಬೆಂಕಿ ಬೀಳುತ್ತಿತ್ತು. ಚೀನೀ ವಾಸ್ತುವಾದ ಫೆಂಗ್ ಶುಯಿ ಬಲ್ಲವನನ್ನು ಕೇಳಿದರೆ, ಎದುರಿನ ಯಾಯೆಸೆ ಬೆಟ್ಟದ್ದೇ ದೋಷ, ಅದಕ್ಕೆ ಮುಖ ಮಾಡಿ ಸಿಂಹ ನಿಲ್ಲಿಸಿ ಎಂದ. 1689ರಲ್ಲಿ ನಿಲ್ಲಿಸಿದ ಆ ಒಂಟಿ ಶೀಸಾ ಇಂದೂ ಇದೆ. 1945ರ ಓಕಿನಾವಾ ಯುದ್ಧದಲ್ಲಿ ಅಮೆರಿಕನ್ ಸೈನಿಕರು ಅದರ ಮರೆಯಲ್ಲಿ ಬಗ್ಗಿ ಕೂತು ಶತ್ರುವಿನ ಕಡೆ ನೋಡುತ್ತಿರುವ ಚಿತ್ರವೊಂದಿದೆ. ಮೈಮೇಲೆ ಗುಂಡಿನ ತೂತುಗಳು ಹಾಗೇ ಉಳಿದಿವೆ. ಈಗ ಮನೆಮನೆಯ ಸೂರಿನ ಮೇಲೆ ಕಾಣುವ ಶೀಸಾಗಳು ಅಷ್ಟು ಹಳೆಯವಲ್ಲ. ಸಾಮಾನ್ಯರು ಹೆಂಚು ಹೊದಿಸಬಾರದೆಂಬ ಕಟ್ಟಳೆ 1889ರಲ್ಲಿ ಹೋದ ಮೇಲೆ, ಹೆಂಚು ಹೊದಿಸಿದ ಕೆಲಸಗಾರರು ಉಳಿದ ಚೂರು, ಗಾರೆ ಸೇರಿಸಿ ತಮ್ಮ ಮನಸ್ಸಿಗೆ ಬಂದ ಮುಖ ಮಾಡಿ ಕೂರಿಸಿದರು. ಅದಕ್ಕೇ ಒಂದರ ಹಾಗೆ ಇನ್ನೊಂದಿಲ್ಲ. ನನಗೆ ಇಡೀ ವಂಶದಲ್ಲಿ ಇಷ್ಟವಾಗುವುದು ಇವೇ.

ಕಾವಲುಮೃಗಗಳಿಗೆ ಗೂಢಾರ್ಥ ಹುಡುಕುವವರ ಬಗ್ಗೆ 14ನೇ ಶತಮಾನದ ಸನ್ಯಾಸಿ ಯೋಶಿದಾ ಕೆಂಕೋ ಬರೆದಿಟ್ಟ ಪ್ರಸಂಗವೊಂದಿದೆ. ತಂಬಾ ಸೀಮೆಯ ಇಜುಮೋ ಗುಡಿಗೆ ಶೋಕಾಯ್ ಎಂಬ ಹಿರಿಯ ಭಿಕ್ಷು ಗುಂಪಿನೊಡನೆ ಹೋದ. ಅಲ್ಲಿ ಸಿಂಹ, ಕೊಮಾಇನು ಎರಡೂ ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿದ್ದವು. ಎಂಥ ಅಪೂರ್ವ, ಇದರ ಹಿಂದೆ ಯಾವುದೋ ಆಳವಾದ ತತ್ವವಿದೆ ಎಂದು ಭಿಕ್ಷು ಕಣ್ಣೀರು ತುಂಬಿಕೊಂಡ. ತಿಳಿದವನಂತೆ ಕಂಡ ಅರ್ಚಕನನ್ನು ಕರೆದು ಕೇಳಿದರೆ, ‘ಅಯ್ಯೋ, ಪೋಕರಿ ಹುಡುಗರ ಕೆಲಸ’ ಎಂದು ಆತ ಎರಡನ್ನೂ ಸರಿಯಾಗಿ ತಿರುಗಿಸಿಟ್ಟು ಹೊರಟುಹೋದ.

ಪದದ ಪ್ರಯಾಣ ಇನ್ನೂ ಸ್ವಲ್ಪ ಇದೆ. ಎಲ್ಲ ಗುಡಿಗಳಲ್ಲೂ ಸಿಂಹವೇ ಇರಬೇಕೆಂದಿಲ್ಲ. ಇನಾರಿ ಗುಡಿಗಳಲ್ಲಿ ನರಿ, ಮಿತ್ಸುಮಿನೆ ಗುಡಿಯಲ್ಲಿ ತೋಳ. ಕ್ಯೋಟೋದ ಗೋಓ ಗುಡಿಯಲ್ಲಿ ಕಾಡುಹಂದಿ, ಯಾಕೆಂದರೆ ಅಲ್ಲಿ ಪೂಜೆಗೊಳ್ಳುವ ವಾಕೆ ನೊ ಕಿಯೊಮಾರೊ ಗಡೀಪಾರಾಗಿ ಹೋಗುವಾಗ ಕಾಡುಹಂದಿಗಳ ಹಿಂಡು ಕಾಪಾಡಿತಂತೆ. ಅದೇ ಊರಿನ ಓತೊಯೋ ಗುಡಿಯ ಕಿರುದೇಗುಲದ ಮುಂದಿರುವುದು ಎರಡು ಇಲಿ. ಉರಿಯುವ ಬಯಲಿನಲ್ಲಿ ಸಿಕ್ಕಿಬಿದ್ದ ಓಕುನಿನುಶಿ ದೇವರಿಗೆ ಬಿಲ ತೋರಿಸಿ ಬದುಕಿಸಿದ್ದು ಇಲಿ. ಭಕ್ತರು ಇವನ್ನು ಕರೆಯುವುದು ‘ಕೊಮಾ-ಇನೊಶಿಶಿ’, ‘ಕೊಮಾ-ನೆಜುಮಿ’ ಎಂದು. ‘ಇನೊಶಿಶಿ’ ಎಂದರೆ ಕಾಡುಹಂದಿ, ‘ನೆಜುಮಿ’ ಎಂದರೆ ಇಲಿ. ‘ಕೊಮಾ’ ಎಂದರೆ ಇಲ್ಲಿ ಕೊರಿಯಾ ಅಲ್ಲವೇ ಅಲ್ಲ, ಬರೀ ಕಾವಲು.