ಬೆಂಚ್ ಪ್ರೆಸ್ 60 ಕೆಜಿಗೇ ನಿಂತಿದೆ, ಭುಜವೂ ನೋಯುತ್ತೆ. ಏನು ಮಾಡಲಿ?

ಓದುಗರ ಪ್ರಶ್ನೆ: ನನಗೆ 26 ವರ್ಷ. ಊರು ಚಿಕ್ಕಮಗಳೂರು. ಬೆಳಿಗ್ಗೆ 6 ಗಂಟೆಗೆ ಜಿಮ್ಮಿಗೆ ಹೋಗಿ, ಅಲ್ಲಿಂದ ತೋಟಕ್ಕೆ ಹೋಗುತ್ತೇನೆ. ಏಳೆಂಟು ತಿಂಗಳಿಂದ ಬೆಂಚ್ ಪ್ರೆಸ್ (ಬೆಂಚ್ ಮೇಲೆ ಮಲಗಿ ಬಾರನ್ನು ಎದೆಗೆ ಇಳಿಸಿ ಮೇಲಕ್ಕೆ ತಳ್ಳುವುದು) 60 ಕೆಜಿ ದಾಟಿಲ್ಲ, ಅದೂ ಒಂದೇ ಸಲ ಎತ್ತುತ್ತೇನೆ. ಬಾರ್ ಎದೆ ಹತ್ತಿರ ಬಂದಾಗ ಬಲಭುಜದ ಮುಂದೆ ಚುಚ್ಚಿದ ಹಾಗಾಗುತ್ತೆ. ಎದೆಗೆ ಇನ್ನೂ ಎರಡು ವ್ಯಾಯಾಮ ಸೇರಿಸಲಾ?

ಉತ್ತರ: ಬೇಡ, ಸೇರಿಸಬೇಡಿ. ನಿಮಗೆ ಕೊರತೆ ಇರುವುದು ಬೆನ್ನಿನ ಕಡೆ ಅಂತ ನನಗನಿಸುತ್ತದೆ. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಹೂತುಹೋದ ಜೀಪನ್ನು ನೀವೂ ತಳ್ಳಿರುತ್ತೀರಿ, ಅಲ್ವಾ? ಕಾಲು ಜಾರುತ್ತಿದ್ದರೆ ತೋಳಲ್ಲಿ ಎಷ್ಟು ಬಲ ಇದ್ದರೂ ಜೀಪು ಅಲುಗುವುದಿಲ್ಲ. ಬೆಂಚ್ ಮೇಲೆ ಮಲಗಿದವರಿಗೆ ಆ ಗಟ್ಟಿ ನೆಲ ಅಂದರೆ ಬೆನ್ನಿನ ಮೇಲ್ಭಾಗದಲ್ಲಿ ರೆಕ್ಕೆಯ ಹಾಗಿರುವ ಎರಡು ಚಪ್ಪಟೆ ಮೂಳೆಗಳು.

ಭುಜದ ಕೀಲಿನಲ್ಲಿ ಒಂದು ಗುಂಡು, ಅದಕ್ಕೊಂದು ಗುಳಿ. ಸೊಂಟದ ಕೀಲಿನ ಗುಳಿ ಆಳವಾಗಿದೆ, ಭುಜದ್ದು ತಟ್ಟೆಯ ಹಾಗೆ. ಕೈ ಎಲ್ಲ ದಿಕ್ಕಿಗೂ ತಿರುಗುವುದು ಅದರಿಂದಲೇ, ಬೇಗ ತೊಂದರೆಯಾಗುವುದೂ ಅದರಿಂದಲೇ. ಗುಂಡನ್ನು ಗುಳಿಯ ನಡುವೆ ಹಿಡಿದಿಡುವುದರಲ್ಲಿ ರೊಟೇಟರ್ ಕಫ್ ಅನ್ನುವ ನಾಲ್ಕು ಚಿಕ್ಕ ಸ್ನಾಯುಗಳ ಪಾಲು ದೊಡ್ಡದು. ಮೊಣಕೈಯನ್ನು ನೇರ ಪಕ್ಕಕ್ಕೆ ಚಾಚಿ ಭಾರ ಇಳಿಸಿದರೆ ಭುಜದ ಮುಂಭಾಗದ ಮೇಲೆ ಎಳೆತ ಜಾಸ್ತಿಯಾಗುತ್ತದೆ. ನಾನು ಶುರು ಮಾಡಿದಾಗ ನನಗೆ ಹಾಗೇ ಹೇಳಿಕೊಟ್ಟಿದ್ದರು. ಅಂಗಿ ಹಾಕಲು ಕೈ ಎತ್ತಿದರೂ ನೋವು ಬರುವ ತನಕ ಹಾಗೇ ಮಾಡಿದೆ. ನಿಮಗೆ ಹಾಗಾಗಬಾರದು.

ನಾಳೆ ಖಾಲಿ ಬಾರ್ ಇಟ್ಟುಕೊಂಡು ಮಲಗಿ. ದೊಡ್ಡ ಬಾರ್ ಆದರೆ ಅದೇ 20 ಕೆಜಿ, ಸಾಕು. ಎರಡೂ ರೆಕ್ಕೆ ಮೂಳೆಗಳನ್ನು ಹಿಂದಕ್ಕೆ ಎಳೆದು, ಸ್ವಲ್ಪ ಸೊಂಟದ ಕಡೆಗೆ ಇಳಿಸಿ, ಬೆಂಚಿಗೆ ಒತ್ತಿ. ಸೆಟ್, ಅಂದರೆ ಬಿಡುವಿಲ್ಲದೆ ಮಾಡುವ ಒಂದು ಸುತ್ತು, ಮುಗಿಯುವ ತನಕ ಅವು ಸಡಿಲ ಆಗಬಾರದು. ಹೆಚ್ಚಿನವರು ಬಾರನ್ನು ಸ್ಟ್ಯಾಂಡಿಂದ ಎತ್ತಿಕೊಳ್ಳುವಾಗಲೇ ಭುಜ ಮುಂದಕ್ಕೆ ಬಿಟ್ಟುಬಿಡುತ್ತಾರೆ. ಅಲ್ಲಿಗೆ ನೆಲ ಜಾರಿದ ಹಾಗೆ. ಅಷ್ಟು ಹೊತ್ತು ಯಾರಾದರೂ ಬಾರ್ ಎತ್ತಿಕೊಟ್ಟರೆ ಒಳ್ಳೆಯದು. ಕಾಲು ನೆಲಕ್ಕೆ ಗಟ್ಟಿಯಾಗಿ ಊರಿ. ಮೊಣಕೈ ಮೈಗೆ ಅಂಟಬಾರದು, ಪೂರ್ತಿ ಪಕ್ಕಕ್ಕೂ ಹೋಗಬಾರದು. 45ರಿಂದ 70 ಡಿಗ್ರಿ ನಡುವೆ ಎಲ್ಲಿ ಹಾಯೆನಿಸುತ್ತದೋ ಅಲ್ಲಿರಲಿ. ಬಾರ್ ಎದೆಯ ಕೆಳಭಾಗಕ್ಕೆ ಮುಟ್ಟಲಿ. ಆಗ ಮುಂಗೈ ನೆಟ್ಟಗೆ ನಿಂತಿದ್ದರೆ ಹಿಡಿತದ ಅಗಲ ಸರಿಯಾಗಿದೆ ಎಂದರ್ಥ. ಹೆಬ್ಬೆರಳು ಬಾರನ್ನು ಸುತ್ತಿಕೊಂಡೇ ಇರಲಿ, ಇದರಲ್ಲಿ ರಾಜಿ ಬೇಡ.

ಇನ್ನು ತೂಕ. ಪ್ರತಿ ಸೋಮವಾರ 60 ಎತ್ತಲು ನೋಡುವುದು ಪರೀಕ್ಷೆ ಬರೆದ ಹಾಗೆ, ಓದಿದ ಹಾಗಲ್ಲ. ಒಂದು ತಿಂಗಳು ಅದನ್ನು ಬಿಡಿ. ಬಾರ್ ಸೇರಿ 45 ಕೆಜಿ ಹಾಕಿ 5 ರೆಪ್‌ಗಳ 4 ಸೆಟ್ ಮಾಡಿ (ಒಂದು ಸಲ ಇಳಿಸಿ ಎತ್ತಿದರೆ ಒಂದು ರೆಪ್). ಕೊನೆಯ ಸೆಟ್ ಮುಗಿದಾಗಲೂ ಇನ್ನೆರಡು ರೆಪ್ ಮಾಡುವ ಶಕ್ತಿ ಉಳಿದಿರಲಿ. ಎಲ್ಲ ರೆಪ್ ನೋವಿಲ್ಲದೆ ಚೆನ್ನಾಗಿ ಬಂದರೆ ಮುಂದಿನ ವಾರ ಎರಡೂ ಕಡೆ 1.25 ಕೆಜಿ ಪ್ಲೇಟ್ ಸೇರಿಸಿ. 52.5 ಕೆಜಿಯಲ್ಲಿ 5 ರೆಪ್ ಸಲೀಸಾದ ದಿನ 60 ಹತ್ತಿರ ಹತ್ತಿರ ನಿಮ್ಮ ಕೈಗೆ ಬಂದಿರುತ್ತದೆ. ವಾರದಲ್ಲಿ ಎರಡನೇ ಸಲ ಪ್ರೆಸ್ ಮಾಡುವ ದಿನ ಡಂಬೆಲ್ ಸಾಕು, ಅಂಗೈಗಳು ಒಂದಕ್ಕೊಂದು ಎದುರಾಗಿರಲಿ. ಬಾರಲ್ಲಿ ಚುಚ್ಚುವ ಎಷ್ಟೋ ಭುಜಗಳಿಗೆ ಇದು ಹಿತವಾಗಿರುತ್ತದೆ.

ತಳ್ಳುವ ಪ್ರತಿ ಸೆಟ್ಟಿಗೂ ಎಳೆಯುವ ಒಂದು ಸೆಟ್ ಇರಲಿ: ಕೇಬಲ್ ರೋ, ಡಂಬೆಲ್ ರೋ (ಕೇಬಲ್ ಅಥವಾ ಡಂಬೆಲನ್ನು ಹೊಟ್ಟೆಯ ಕಡೆಗೆ ಎಳೆಯುವುದು), ಫೇಸ್ ಪುಲ್ (ಕೇಬಲ್ಲಿನ ಹಗ್ಗವನ್ನು ಮುಖದ ಕಡೆಗೆ ಎಳೆಯುವುದು). ಜೊತೆಗೆ ಗರಡಿ ಮನೆಯ ದಂಡ ಹೊಡೆಯಿರಿ. ಬೆಂಚ್ ಮೇಲೆ ರೆಕ್ಕೆ ಮೂಳೆ ಅಲುಗದೆ ಇರುತ್ತದೆ, ದಂಡದಲ್ಲಿ ಅದು ಪಕ್ಕೆಲುಬಿನ ಮೇಲೆ ಸರಾಗವಾಗಿ ಜಾರುತ್ತದೆ. ಭುಜಕ್ಕೆ ಎರಡೂ ಬೇಕು.

ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬಾ ಮುಖ್ಯ ಅನಿಸಿದ್ದು ತೋಟದ ಕೆಲಸ. ಕಾಫಿ ಕೊಯ್ಲಿನ ದಿನಗಳಲ್ಲಿ ರೆಂಬೆ ಬಾಗಿಸುತ್ತಾ ಇಡೀ ದಿನ ಕೈ ಮೇಲೆತ್ತಿರುತ್ತೀರಿ, ಸಂಜೆ ಪಿಕಪ್‌ಗೆ ಮೂಟೆ ಹೇರುತ್ತೀರಿ. ಅದೂ ಭುಜದ ಲೆಕ್ಕಕ್ಕೇ ಸೇರುತ್ತದೆ. ಆ ವಾರಗಳಲ್ಲಿ ಬೆಂಚ್ ಒಂದೇ ದಿನ ಇಟ್ಟುಕೊಳ್ಳಿ, ತೂಕ ಏರಿಸಬೇಡಿ. ಡಿಸೆಂಬರ್, ಜನವರಿ ಚಳಿಯಲ್ಲಿ ನೇರ ಬೆಂಚಿಗೆ ಹೋಗುವುದೂ ಬೇಡ. ಹತ್ತು ನಿಮಿಷ ಮೈ ಬಿಸಿ ಮಾಡಿ, ಖಾಲಿ ಬಾರಲ್ಲಿ ಎರಡು ಸೆಟ್ ಮಾಡಿ, ಆಮೇಲೆ ಪ್ಲೇಟ್ ಹಾಕಿ.

ಇಷ್ಟಾದರೂ ಚುಚ್ಚುವುದು ನಿಲ್ಲದಿದ್ದರೆ ಬೆಂಚ್ ಬಿಟ್ಟು ನೆಲದ ಮೇಲೆ ಮಲಗಿ ಪ್ರೆಸ್ ಮಾಡಿ. ಮೊಣಕೈ ನೆಲಕ್ಕೆ ತಾಗಿ ನಿಲ್ಲುವುದರಿಂದ ಭುಜ ಜಾಸ್ತಿ ಹಿಂದಕ್ಕೆ ಹೋಗುವುದಿಲ್ಲ. ಆದರೆ ರಾತ್ರಿ ನೋವಿಗೆ ಎಚ್ಚರವಾಗುತ್ತಿದ್ದರೆ, ಕೈ ಮೇಲೆತ್ತಲು ಬಲವೇ ಸಾಲದಿದ್ದರೆ, ಬೆರಳು ಜೋಮು ಹಿಡಿದರೆ ಅಥವಾ ನೋವು ಶುರುವಾಗಿದ್ದು ಬಿದ್ದ ಮೇಲೆ ಆಗಿದ್ದರೆ, ಸುಮ್ನೆ ಎಣ್ಣೆ ತಿಕ್ಕಿಕೊಂಡು ದಿನ ತಳ್ಳಬೇಡಿ. ಅದೇ ವಾರ ಮೂಳೆ ಡಾಕ್ಟರಿಗೆ ತೋರಿಸಿ.