ಯುದ್ಧ ಕಾದಂಬರಿಯಲ್ಲಿ ಜಾಗ ಮತ್ತು ಆಘಾತ: ಪರೀಕ್ಷೆಗೆ ಮುಂಚಿನ ಟಿಪ್ಪಣಿ

ಕಾಸರಗೋಡಿನಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಾ, ಕನ್ನಡದಲ್ಲಿ ಯೋಚನೆ ಮಾಡುವವರಿಗೆ ಇದು. ಮೊದಲ ಮಹಾಯುದ್ಧ, ಶೆಲ್ ಶಾಕ್ (ಯುದ್ಧದಿಂದ ಸೈನಿಕರ ಮನಸ್ಸಿಗೆ ಆಗುವ ಆಘಾತ) ಎಲ್ಲ ನಿಮಗೆ ಗೊತ್ತಿರುತ್ತದೆ, ಬಿಟ್ಟಿದ್ದೇನೆ.

ತಲೆಗೆ ಹತ್ತಲು ತಡವಾಗುವುದು ಒಂದೇ ಪ್ರಶ್ನೆ. ಆಘಾತ ಕಾಲದ ವಿಷಯ ಅಲ್ವಾ? ಅಂದು ನಡೆದದ್ದು ಇಂದು ಕಾಡುತ್ತದೆ. ಮತ್ತೆ ವಿಮರ್ಶಕರು ಜಾಗ, ಜಾಗ ಅಂತ ಯಾಕೆ ಬರೆಯುತ್ತಾರೆ?

ಆಘಾತದ ಬಗ್ಗೆ ಬರೆದ ವಿಮರ್ಶಕಿ ಕ್ಯಾಥಿ ಕರೂತ್ 1996ರಲ್ಲಿ ಹೇಳಿದ್ದನ್ನು ಹಿಡಿದುಕೊಳ್ಳಿ. ಘಟನೆ ನಡೆಯುವಾಗ ಮನಸ್ಸು ಅದನ್ನು ಪೂರ್ತಿ ಅನುಭವಿಸಿರುವುದಿಲ್ಲ. ಅದು ತಡವಾಗಿ, ಬೇಡವೆಂದರೂ ಮರಳಿ ಬರುತ್ತದೆ. ಮುಗಿದದ್ದನ್ನಾದರೆ 'ಆಮೇಲೆ ಹೀಗಾಯಿತು' ಅಂತ ಹೇಳಬಹುದು. ಮುಗಿಯದೇ ಇದ್ದರೆ? ಕಾದಂಬರಿಕಾರರು ಅದನ್ನು ಪಾತ್ರ ಈಗ ನಿಂತಿರುವ ಜಾಗದೊಳಕ್ಕೇ ನುಗ್ಗಿಸುತ್ತಾರೆ. 'ಅಂದು' ಹೋಗಿ 'ಇಲ್ಲಿ' ಆಗುತ್ತದೆ. ಇಷ್ಟು ಹಿಡಿತಕ್ಕೆ ಬಂದರೆ ಉಳಿದದ್ದು ಸಲೀಸು.

ಪ್ಯಾಟ್ ಬಾರ್ಕರ್ ಅವರ 'ರೀಜನರೇಶನ್' (1991) ತಗೊಳ್ಳಿ. ಕತೆ 1917ರದು, ಹೆಚ್ಚಿನ ಭಾಗ ಎಡಿನ್‌ಬರೋದಲ್ಲಿ ಶೆಲ್ ಶಾಕ್ ಆದ ಸೇನಾಧಿಕಾರಿಗಳಿಗಿದ್ದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ನಡೆಯುತ್ತದೆ. ಫ್ರಾನ್ಸ್‌ನ ಟ್ರೆಂಚ್‌ಗಳು (ಸೈನಿಕರು ಅಡಗಿ ಕಾದಾಡಿದ ಕಂದಕಗಳು) ರೋಗಿಗಳ ನೆನಪಾಗಿ ಮಾತ್ರ ಬರುತ್ತವೆ. ಬರ್ನ್ಸ್ ಅಂತ ಒಬ್ಬನಿದ್ದಾನೆ. ಶೆಲ್ ಸಿಡಿದ ರಭಸಕ್ಕೆ ಹಾರಿ ಹೆಣದ ಹೊಟ್ಟೆಯ ಮೇಲೆ ಮುಖ ಅಡಿಯಾಗಿ ಬಿದ್ದವನು. ಆಮೇಲೆ ತಿಂದದ್ದು ಒಳಗೆ ನಿಲ್ಲುವುದಿಲ್ಲ. ಅವನು ಆಸ್ಪತ್ರೆ ಬಿಟ್ಟು ಇಂಗ್ಲೆಂಡಿನ ಸಫೋಕ್‌ನ ಕಡಲೂರಿನಲ್ಲಿ ಇರುವಾಗ, ಬಿರುಗಾಳಿಯ ಹೊತ್ತಿಗೆ ರಕ್ಷಣಾ ದೋಣಿಯವರನ್ನು ಕರೆಯಲು ಸಿಡಿಮದ್ದು ಹಾರಿಸುತ್ತಾರೆ. ಅವನನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರ್ ರಿವರ್ಸ್ ಹುಡುಕಿಕೊಂಡು ಹೋದರೆ ಅವನು ಕಡಲಂಚಿನ ಹಳೆಯ ಗೋಪುರದ ಕಂದಕದಲ್ಲಿ ಮುದುಡಿ ಕೂತಿದ್ದಾನೆ. ಬೇಕಲ ಕೋಟೆಯಲ್ಲಿ ಕಡಲ ಕಡೆಯ ಬುರುಜಿಗೆ ಇಳಿದು, ಮುರಕಲ್ಲಿಗೆ ಬೆನ್ನು ಕೊಟ್ಟು ನಿಂತವರಿಗೆ ಅಂದಾಜು ಸಿಗುತ್ತದೆ. ಗೋಡೆ ಬಿಟ್ಟು ಏನೂ ಕಾಣುವುದಿಲ್ಲ, ಅಲೆಯ ಸದ್ದು ಮಾತ್ರ ಜಾಸ್ತಿ. ಬರ್ನ್ಸ್‌ಗೆ ಟ್ರೆಂಚ್ 'ನೆನಪಾಯಿತು' ಅಂತ ಬರೆದು ಸುಮ್ನೆ ಮುಂದೆ ಹೋಗಬೇಡಿ. ಅವನ ಮೈ ಅಲ್ಲಿಗೇ ಹೋಗಿ ಸೇರಿದೆ.

ನನ್ನ ಕಿರುದಾರಿ: ಪುಟದ ಅಂಚಿನಲ್ಲಿ ಮೂರು ಪ್ರಶ್ನೆ ಬರೆದಿಡಿ. ಪಾತ್ರದ ಕಾಲು ಈಗ ಎಲ್ಲಿದೆ? ನುಗ್ಗಿದ್ದು ಎಲ್ಲಿಂದ? ಅದು ಒಳಬಂದ ಬಾಗಿಲು ಯಾವುದು? ಬರ್ನ್ಸ್‌ಗೆ ಸಫೋಕ್, ಫ್ರಾನ್ಸ್, ಸಿಡಿಮದ್ದಿನ ಸದ್ದು. ಬಾಗಿಲೇ ಸಿಗಲಿಲ್ಲವೋ, ಆ ಉದಾಹರಣೆ ಕೈಬಿಡಿ, ಅದು ಬರೀ ಊರಿನ ವರ್ಣನೆ.

ಸ್ಮಾರಕಗಳಿಗೆ ಈ ಕಿರುದಾರಿ ನಡೆಯುವುದಿಲ್ಲ. ಸೆಬಾಸ್ಟಿಯನ್ ಫಾಕ್ಸ್ ಅವರ 'ಬರ್ಡ್‌ಸಾಂಗ್'ನಲ್ಲಿ (1993) ಯುದ್ಧದಲ್ಲಿ ಹೋರಾಡಿದ ನಾಯಕನ ಮೊಮ್ಮಗಳು ಎಲಿಜಬೆತ್ 1970ರ ದಶಕದಲ್ಲಿ ಫ್ರಾನ್ಸ್‌ನ ಹಳೆಯ ರಣರಂಗ ಸೋಮ್‌ಗೆ ಹೋಗುತ್ತಾಳೆ. ಅಲ್ಲಿನ ತಿಯೆಪ್ವಾಲ್ ಸ್ಮಾರಕದಲ್ಲಿ ಹೆಣ ಸಿಗದ, ಗುರುತು ಹತ್ತದ 72,000ಕ್ಕೂ ಹೆಚ್ಚು ಸೈನಿಕರ ಹೆಸರುಗಳಿವೆ. ಅವಳು ಯುದ್ಧ ನೋಡಿದವಳಲ್ಲ, ಒಳಗಿಂದ ನುಗ್ಗಲು ಏನೂ ಇಲ್ಲ. ಅವಳಿಗೆ ಮೊದಲು ಜಾಗ, ಅಜ್ಜನ ನೋಟ್‌ಬುಕ್ ಓದಿಸಿಕೊಂಡು ತಿಳಿಯುವುದು ಆಮೇಲೆ. ಇದನ್ನು ಬೇರೆಯೇ ಪ್ಯಾರಾ ಮಾಡಿ, ಬರ್ನ್ಸ್ ಜೊತೆ ಬೆರೆಸಿದರೆ ಎರಡೂ ಕೆಡುತ್ತವೆ.